ಯಜಮಾನರಿಗೆ ಮೊದಲ ನೀರು

“ಲೇ ಈರಿ, ನಿನ್ ಬಾಯಿಗೆ ಮಣ್ಣು ಹಾಕ! ಬಾವಿ ಎಲ್ಲಿ ತೋಡ್ಬೇಕು ಅಂತ ವಡ್ಡರ ಹೆಂಗಸ್ನ ಕೇಳ್ಬೇಕೇನೇ ನಾವು? ಹೊರೇ ಸುಮ್ನೆ, ಲೌಡಿ!”

ಕಂತ್ರಾಟುದಾರ ಕಾಟಲಿಂಗಪ್ಪ ದಿಬ್ಬದ ಮೇಲೆ ಕೊಡೆ ಬಿಚ್ಚಿಕೊಂಡು ನಿಂತು ಕೂಗುತ್ತಿದ್ದ. ಈರಕ್ಕ ಮಣ್ಣಿನ ಬುಟ್ಟಿ ಹೊತ್ತುಕೊಂಡೇ ಅವನತ್ತ ತಿರುಗಿದಳು. ಅವಳು ಕೇಳಿದ್ದು ದೊಡ್ಡ ಮಾತೇನಲ್ಲ. ಕಾರ್ಖಾನೆ ಗುಂಡಿಯ ವಿಷ ಇಳಿಯುವುದು ಕೆಳಕ್ಕೆ, ಅದನ್ನು ಪರೀಕ್ಷೆ ಮಾಡುವ ಬಾವಿ ತೋಡುವುದು ಮೇಲಕ್ಕೆ, ಇದ್ಯಾವ ಸೀಮೆ ನ್ಯಾಯ ಎಂದಿದ್ದಳು ಅಷ್ಟೆ.

“ಹೊರ್ತೀನಿ ಬಿಡ್ರಿ ಗೌಡ್ರೆ. ಹಲ್ಲುನೋವು ಅಂದ್ರೆ ಮೊಣಕಾಲು ಹಿಸುಕೋ ಡಾಕ್ಟ್ರು ನೀವು. ನಿಮಗ್ಯಾರು ಹೇಳೋರು?”

ಬಾವಿಯೊಳಗೆ ಯಾರೋ ಕಿಸಕ್ಕನೆ ನಕ್ಕರು. ಕಾಟಲಿಂಗಪ್ಪ ಬಗ್ಗಿ ನೋಡಿದ. ಒಳಗೆ ಎಲ್ಲರೂ ಭಕ್ತಿಯಿಂದ ಅಗೆಯುತ್ತಿದ್ದರು.

ರಾಮಗಿರಿ ಗುಡ್ಡದ ಈಚೆಗೆ ಆ ಕಾರ್ಖಾನೆ ಬಂದು ಕೆಲವು ವರ್ಷಗಳಾಗಿದ್ದವು. ಅದಿರನ್ನು ಆಸಿಡ್ಡಿನಲ್ಲಿ ತೊಳೆದು, ತೊಳೆದ ನೀರನ್ನೂ ಕೆಸರನ್ನೂ ಒಂದು ದೊಡ್ಡ ಗುಂಡಿಗೆ ಬಿಡುತ್ತಿದ್ದರು. ಗುಂಡಿಯ ಕೆಳಗೇ ವಡ್ಡರಹಟ್ಟಿ. ಹಟ್ಟಿಗಿದ್ದ ಒಂದೇ ಬಾವಿಯನ್ನು ಈರಕ್ಕನ ಮಾವ ತೋಡಿದ್ದ. ಈಗ ಅದರ ನೀರಿನ ಮೇಲೆ ಹಸಿರು ಕೆನೆ ಕಟ್ಟುತ್ತಿತ್ತು. ಕುರುಬರ ಕುರಿಗಳು ತೊಟ್ಟಿಯ ನೀರು ಮೂಸಿ ಹಿಂದೆ ಸರಿಯುತ್ತಿದ್ದವು. ಕುರಿಗಳಿಗಾದರೆ ಬೇರೆ ಹಳ್ಳ ಇತ್ತು, ವಡ್ಡರಿಗೆ ಅದೂ ಇರಲಿಲ್ಲ. ಊರ ಬಾವಿಗೆ ಅವರು ಹಗ್ಗ ಬಿಡುವಂತಿಲ್ಲ. ಅದನ್ನು ತೋಡಿದವರೂ ಇವರ ಅಜ್ಜಂದಿರೇ. ತೋಡುವಾಗ ಬಾರದ ಮೈಲಿಗೆ ಸೇದುವಾಗ ಬರುತ್ತಿತ್ತು.

ಈರಕ್ಕನ ಮಗಳು ಶಿವಗಂಗಮ್ಮ ಬಾಣಂತನಕ್ಕೆ ಬಂದಿದ್ದಳು. ಆ ನೀರನ್ನೇ ಕುಡಿದು ಮಗುವಿಗೆ ಹಾಲು ಕೊಡುತ್ತಿದ್ದಳು. ಮಗುವಿನ ಹೊಟ್ಟೆ ಉಬ್ಬಿ ನಿಂತಿತ್ತು, ಭೇದಿ ನಿಲ್ಲುತ್ತಿರಲಿಲ್ಲ. ಕೈಕಾಲು ಪುಳ್ಳೆಯಾಗಿದ್ದವು. 

ಎಮರ್ಜೆನ್ಸಿ ಮುಗಿದ ವರ್ಷ ಅದು. ನೀರಿಗೂ ಒಂದು ಕಾಯ್ದೆ ಬಂದಿದೆ ಅಂತ ಬೆಂಗಳೂರಿನಿಂದ ಸಾಹೇಬನೊಬ್ಬ ಜೀಪಿನಲ್ಲಿ ಬಂದಿದ್ದ. ಗುಂಡಿಯ ಸುತ್ತ ಓಡಾಡಿ ಕೆಂಪು ಗೂಟ ನೆಡಿಸಿದ್ದ. ಗುಂಡಿಯ ಮೇಲ್ಗಡೆ ಒಂದು ಬಾವಿ, ಕೆಳಗಡೆ ಮೂರು. ಕೆಳಗಿನ ನೀರು ಕೆಟ್ಟಿದ್ದರೆ ಕಾರ್ಖಾನೆಯವರೇ ಹಟ್ಟಿಗೆ ಒಳ್ಳೆ ನೀರಿನ ನಲ್ಲಿ ಹಾಕಿಸಬೇಕು ಎಂದು ಎಲ್ಲರೆದುರು ಹೇಳಿಯೂ ಇದ್ದ. ಈರಕ್ಕ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದಳು.

ಜೀಪಿನ ಧೂಳು ಅಡಗುವ ಮೊದಲೇ ಮೇನೇಜರು ಕಾಟಲಿಂಗಪ್ಪನನ್ನು ಕರೆಸಿದ. ಮಾರನೆಯ ದಿನದಿಂದ ಮೇಲಿನ ಗೂಟದಲ್ಲಿ ಮಾತ್ರ ಕೆಲಸ ಶುರುವಾಯಿತು. ಕೆಳಗಿನ ಗೂಟಗಳು ಬಿಸಿಲು ಕಾಯುತ್ತಾ ನಿಂತವು. ಒಂದಕ್ಕೆ ಯಾರೋ ಮೇಕೆ ಕಟ್ಟಿದರು.

ಬಾವಿ ಮುಗಿಯುವ ಹೊತ್ತಿಗೆ ಕಾಟಲಿಂಗಪ್ಪ ಈರಕ್ಕನ ಗಂಡ ತಿಮ್ಮರಾಯಪ್ಪನನ್ನು ಬೇವಿನ ಮರದಡಿಗೆ ಕರೆದ. ಅಗೆಯುವವರ ಮೇಸ್ತ್ರಿ ಅವನೇ.

“ಸಾಹೇಬ್ರು ಕೇಳಿದ್ರೆ, ಕೆಳಗೆಲ್ಲ ಬಂಡೆ ಐತೆ, ನಮ್ ಕೈಲಿ ಆಗ್ಲಿಲ್ಲ ಅನ್ಬೇಕು. ತಿಳೀತೇನ್ಲೇ?”

“ವಡ್ಡನ ಬಾಯಾಗೆ ಆ ಮಾತು ಬರಲ್ರೀ ಗೌಡ್ರೆ.”

“ಬರ್ದಿದ್ರೆ ಬರಿಸ್ಕೋ. ನಿನ್ ಗುಡಿಸ್ಲು ಯಾರಪ್ಪನ ಜಾಗದಾಗೈತೆ, ಬೋಳಿಮಗನೆ? ನಾಳೇನೇ ಬೆಂಕಿ ಇಕ್ತೀನಿ.”

ಸಂಜೆ ಗುಡಿಸಲಲ್ಲಿ ಈರಕ್ಕ ಗಂಡನ ಮೇಲೆ ಹರಿಹಾಯ್ದಳು.

“ಥೂ ನಿನ್ನ! ದುರ್ಗದ ಕೋಟೆಗೆ ಕಲ್ಲು ಸೀಳಿದ ಜನ ಕಣಯ್ಯಾ ನಾವು. ಬಂಡೆ ಅಂತ ಬಾವಿ ಬಿಟ್ಟೋನು ಅಂದ್ರೆ ನಮ್ ಕುಲದಾಗೆ ನಿಂಗೆ ಎಲೆ ಅಡಿಕೆ ಕೊಡ್ತಾರಾ?”

“ಗುಡಿಸ್ಲು ಸುಟ್ರೆ ಬಾಣಂತೀನ ಎಲ್ಲಿ ಮಲಗಿಸ್ತೀಯೇ?” ಎಂದ ತಿಮ್ಮರಾಯಪ್ಪ. ಆಸಿಡ್ಡಿನ ಕೆಸರು ತಾಗಿ ಬಿರಿದಿದ್ದ ಅಂಗಾಲಿಗೆ ಹರಳೆಣ್ಣೆ ತಿಕ್ಕುತ್ತಾ ಕೂತಿದ್ದ.  ಒಳಗೆ ಮಗು ಮತ್ತೆ ಭೇದಿ ಮಾಡಿಕೊಂಡಿತು.

ಸಾಹೇಬ ಬಂದ ದಿನ ಮೇಲಿನ ಬಾವಿಗೆ ಗಂಗಮ್ಮನ ಪೂಜೆಯಾಯಿತು. ಹಟ್ಟಿಯ ವಡ್ಡರಲ್ಲಿ ಒಂದು ಕಟ್ಟಳೆ ಇದೆ. ಹೊಸ ಬಾವಿಯ ಮೊದಲ ಚೊಂಬು ನೀರನ್ನು ತೋಡಿಸಿದ ಯಜಮಾನ ಕುಡಿಯಬೇಕು. ಅವನು ಕುಡಿಯುವವರೆಗೆ ತೋಡಿದವರು ಬಾವಿಯಿಂದ ಮೇಲೆ ಬರುವಂತಿಲ್ಲ. ಮೇನೇಜರಿಗೆ ಈ ಕಟ್ಟಳೆ ಬಹಳ ಹಿಡಿಸಿತು. ಅರಿಶಿನ ಹಚ್ಚಿದ ಚೊಂಬನ್ನು ಎತ್ತಿ ಗಟಗಟ ಕುಡಿದು, “ಎಳನೀರು ಸಾರ್, ಎಳನೀರು! ಈ ಹಳ್ಳಿಯವರ ಸಂಪ್ರದಾಯ ಎಷ್ಟು ಚೆನ್ನಾಗಿದೆ ನೋಡಿ,” ಎಂದ. ಎಳನೀರಲ್ಲದೆ ಇನ್ನೇನಾದೀತು? ಗುಡ್ಡದ ಕಡೆಯಿಂದ ಬಂದ ನೀರು ಅದು, ಗುಂಡಿಯ ಮುಖವನ್ನೇ ಕಂಡಿರಲಿಲ್ಲ.

ಸಾಹೇಬ ಬಾಟಲಿ ತುಂಬಿಸಿ ಬಿರಡೆ ಹಾಕಿಸಿದ. “ಕೆಳಗಿನ ಮೂರು?”

ಎಲ್ಲರೂ ತಿಮ್ಮರಾಯಪ್ಪನನ್ನು ನೋಡಿದರು. ಅವನು ನೆಲ ನೋಡಿದ. “ಬಂಡೆ ಐತೆ ಸ್ವಾಮಿ. ನಮ್ ಕೈಲಿ ಆಗ್ಲಿಲ್ಲ.”

“ವಡ್ಡರೇ ಆಗಲ್ಲ ಅಂದಮೇಲೆ ಮುಗೀತು,” ಎಂದ ಸಾಹೇಬ. ಮೇನೇಜರ ಬಂಗಲೆಯ ಕಡೆಯಿಂದ ಕೋಳಿಸಾರಿನ ಗಮ್ಮನೆ ವಾಸನೆ ಬರುತ್ತಿತ್ತು.

ಈರಕ್ಕ ಅಡ್ಡ ಬಂದಳು. “ಸ್ವಾಮಿ, ನಮ್ ಹಟ್ಟಿ ಬಾವಿಗೆ ಬರ್ರಿ. ಅಲ್ಲಿ ಒಂದ್ ಬಾಟ್ಲಿ ತುಂಬ್ಕಳ್ರಿ. ಮೊಮ್ಮಗ ಸಾಯ್ತಾ ಐತೆ.”

“ಆ ಬಾವೀಲಿ ನೀವು ಬಟ್ಟೆ ಒಗೀತೀರಿ, ಎಮ್ಮೆ ತೊಳೀತೀರಿ. ಅದು ಲೆಕ್ಕಕ್ಕೆ ಬರಲ್ಲಮ್ಮ. ಗೂಟ ಹಾಕಿದ ಕಡೆ, ಪರೀಕ್ಷೆಗೆ ಅಂತಲೇ ತೋಡಿದ ಬಾವಿ ಆಗಬೇಕು.”

“ಗೂಟದ ತಾವ ತೋಡಿದ್ರೆ ಆದೀತಾ?”

“ಆದೀತು,” ಎನ್ನುತ್ತಾ ಸಾಹೇಬ ಸಾರಿನ ದಿಕ್ಕು ಹಿಡಿದ. ಕಾಟಲಿಂಗಪ್ಪ ಹಿಂದಿನಿಂದ ಬಂದು ಈರಕ್ಕನ ತೋಳು ಹಿಡಿದು ತಳ್ಳಿದ. “ಎಮ್ಮೆಯಂತೆ! ನಿಮ್ಗೆ ಎಮ್ಮೆ ಬೇರೆ ಕೇಡು,” ಎಂದು ನಗುತ್ತಾ ಊಟಕ್ಕೆ ನಡೆದ. ಹಟ್ಟಿಯಲ್ಲಿ ಎಮ್ಮೆ ಯಾರಿಗೂ ಇರಲಿಲ್ಲ.

ಈರಕ್ಕ ಬಿದ್ದಲ್ಲಿಂದ ಎದ್ದು ಮಣ್ಣು ಕೊಡವಿಕೊಂಡಳು. ಗಂಡನ ಮುಂದಿದ್ದ ಹಾರೆಯನ್ನೂ ಪೂಜೆಯ ಚೊಂಬನ್ನೂ ಎತ್ತಿಕೊಂಡು ಇಳಿಜಾರಿಗೆ ಇಳಿದಳು. ಜೀಪಿನ ದಾರಿ ಪಕ್ಕದ ಗೂಟದಿಂದ ಮೇಕೆ ಬಿಚ್ಚಿ ಅಟ್ಟಿದಳು. ಹಾರೆ ಎತ್ತಿ ಹಾಕಿದಳು. ಅದು ಅರ್ಧಕ್ಕರ್ಧ ಇಳಿಯಿತು. ಇದು ಇವರ ಬಂಡೆ!

ಹೆಂಗಸರು ಬುಟ್ಟಿ ತಂದರು. ಸ್ವಲ್ಪ ಹೊತ್ತಿಗೆ ಸಲಿಕೆಯೊಂದು ಅವಳ ಪಕ್ಕ ಇಳಿಯಿತು. ತಿಮ್ಮರಾಯಪ್ಪ ತಲೆ ಎತ್ತದೆ ಅಗೆಯುತ್ತಿದ್ದ.

“ಬಂದ್ಯಾ? ಹುಷಾರು ಕಣಯ್ಯಾ, ಬಂಡೆ ಐತೆ. ಕೈ ನೋಯ್ತಾವೆ.”

“ಸಾಕು ಬಿಡೇ,” ಎಂದ ಅವನು.

“ಮಣ್ಣ ದಾರಿಗೇ ಸುರೀರಿ,” ಎಂದಳು ಈರಕ್ಕ ಹೆಂಗಸರಿಗೆ.

ಸೊಂಟದಾಳಕ್ಕೆ ಹೋಗುವಷ್ಟರಲ್ಲಿ ನೀರು ಒಸರಿತು. ಹಸಿರು ನೀರು. ಹುಣಸೆಹಣ್ಣಿನಲ್ಲಿ ತಾಮ್ರದ ಕೊಡ ತಿಕ್ಕಿದಾಗ ಬರುವ ವಾಸನೆ ಎದ್ದಿತು. ಈರಕ್ಕನ ಕಾಲು ಧಗಧಗ ಉರಿಯತೊಡಗಿದವು.

ಊಟ ಮುಗಿಸಿ ಹೊರಟ ಜೀಪು ಮಣ್ಣಿನ ರಾಶಿಯ ಮುಂದೆ ನಿಂತಿತು. ಕಾಟಲಿಂಗಪ್ಪ ಎಂಜಲು ಕೈಯಲ್ಲೇ ಓಡಿಬಂದ. “ಯಾವ ಸೂಳೆಮಕ್ಳು ಹೇಳಿದ್ರೇ ಇಲ್ಲಿ ತೋಡಾಕೆ?”

“ಸಾಹೇಬ್ರೇ ಹೇಳಿದ್ರಲ್ಲ ಗೌಡ್ರೆ. ಅವ್ರಿಗ್ಯಾಕೆ ಬೈತೀರಿ?” ಎಂದಳು ಈರಕ್ಕ ತೋಡಿದ ಕುಳಿಯೊಳಗಿಂದ. ಜೀಪಿನಲ್ಲಿ ಮುಂದೆ ಸಾಹೇಬ, ಹಿಂದೆ ಅವನನ್ನು ಬೀಳ್ಕೊಡಲು ಹೊರಟಿದ್ದ ಮೇನೇಜರು. ಅರಿಶಿನದ ಚೊಂಬನ್ನು ತುಂಬಿ ಎರಡೂ ಕೈಯಲ್ಲಿ ಮೇಲಕ್ಕೆ ಹಿಡಿದಳು. “ಸ್ವಾಮಿ, ಗೂಟದ ತಾವೇ ತೋಡೀವಿ. ತುಂಬ್ಕಳ್ರಿ.”

ಸಾಹೇಬ ಗಡಿಯಾರ ನೋಡಿಕೊಂಡ. “ಬಾಟಲಿ ಮುಗಿದಿವೆಯಲ್ಲಮ್ಮ. ಮುಂದಿನ ಸಲ ನೋಡೋಣ.”

“ಬಾಟ್ಲಿ ಇಲ್ದಿದ್ರೆ ಹೊಟ್ಟೆ ಐತಲ್ಲ. ಕೋಳಿ ಪಕ್ಕದಾಗೆ ಇದಕ್ಕೂ ಒಂಚೂರು ಜಾಗ ಇದ್ದೀತು.” ಚೊಂಬು ಮೇನೇಜರ ಕಡೆ ತಿರುಗಿತು. “ನೀವಾರ ಬರ್ರಿ ಯಜಮಾನ್ರೆ. ಹೊಸ ಬಾವಿ, ಮೊದ್ಲ ನೀರು. ನಮ್ ಸಂಪ್ರದಾಯ ಭಾಳ ಚೆನ್ನಾಗೈತೆ ಅಂದ್ರಲ್ಲ.”

ಮೇನೇಜರು ಕರವಸ್ತ್ರ ತೆಗೆದು ಮೂಗಿಗೆ ಹಿಡಿದುಕೊಂಡ.

“ಮೇಲೆ ಬಾರೇ, ರಂಡೆ!” ಕಾಟಲಿಂಗಪ್ಪ ಕಿರುಚಿದ. “ಗುಡಿಸ್ಲು ಸುಡ್ತೀನಿ!”

“ಸುಡ್ರಿ. ಆರ್ಸಾಕೆ ಈ ನೀರೇ ಐತೆ. ಯಜಮಾನ್ರು ಕುಡಿಯಾವರ್ಗೂ ನಾವು ಮೇಲೆ ಬರಂಗಿಲ್ಲ.”

ತಿಮ್ಮರಾಯಪ್ಪ ಸಲಿಕೆ ಊರಿ ಹೆಂಡತಿಯ ಪಕ್ಕ ನಿಂತ. ಶಿವಗಂಗಮ್ಮ ಮಗುವನ್ನು ಎತ್ತಿಕೊಂಡು ಬಂದು ಜೀಪಿನ ಮುಂದಿನ ಮಣ್ಣಿನ ರಾಶಿಯ ಮೇಲೆ ಕೂತು, ಸೆರಗು ಮುಚ್ಚಿ ಹಾಲಿಗೆ ಹಾಕಿಕೊಂಡಳು. ಡ್ರೈವರು ಹಾರನ್ನು ಒತ್ತಿದ. ಯಾರೂ ಜಾಗ ಬಿಡಲಿಲ್ಲ. ಅವನು ಮತ್ತೆ ಒತ್ತಿದ.

ಕುಳಿಯಲ್ಲಿ ನೀರು ಈರಕ್ಕನ ಮೀನಖಂಡಕ್ಕೆ ಬಂದಿತ್ತು. ಚೊಂಬು ಹಿಡಿದ ಕೈಯನ್ನು ಅವಳು ಇಳಿಸಲಿಲ್ಲ.