ಕೊನೆಯ ಉಪವಾಸದ ವಿಮಾನ

ಉಸ್ಮಾನ್ ಲೆಕ್ಕದ ಮನುಷ್ಯ. ದುಬೈಯ ಅಲ್ ಕೂಜ್‌ನ ಖರ್ಜೂರದ ಗೋದಾಮಿನಲ್ಲಿ ಇಪ್ಪತ್ತೇಳು ವರ್ಷದಿಂದ ಸ್ಟೋರ್‌ಕೀಪರ್. ಮಂಗಳೂರಿನಿಂದ ದುಬೈಗೆ ಆಕಾಶದಲ್ಲಿ ಸುಮಾರು ಎರಡು ಸಾವಿರದ ನಾನೂರು ಕಿಲೋಮೀಟರ್, ಮೂರು ಗಂಟೆ ಇಪ್ಪತ್ತೈದು ನಿಮಿಷ ಎಂದು ರೂಮಿನವರಿಗೆಲ್ಲ ಅವರು ಕೇಳದೆಯೇ ಹೇಳಿಬಿಟ್ಟಿದ್ದ.

ಅಷ್ಟು ಹೇಳಿಕೊಳ್ಳಲು ಕಾರಣವೂ ಇತ್ತು. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಅವನೂ ಹೆಂಡತಿ ಬೀಫಾತಿಮಳೂ ರಮಳಾನಿನ ಒಂದೇ ಒಂದು ಉಪವಾಸವನ್ನು ಸಂಜೆ ಒಟ್ಟಿಗೆ ಕೂತು ಖರ್ಜೂರ ತಿಂದು ತೊರೆದಿರಲಿಲ್ಲ. ಜನ ಖರ್ಜೂರ ತಿನ್ನುವ ತಿಂಗಳಲ್ಲಿ ಖರ್ಜೂರದ ಗೋದಾಮಿನವನಿಗೆ ರಜೆ ಯಾರು ಕೊಡುತ್ತಾರೆ? ಈ ಸಲ ಅವಳನ್ನೇ ಕರೆಸೋಣವೆಂದರೆ ವೀಸಾ ತಡವಾಗಿ, ಟಿಕೆಟ್ ಸಿಕ್ಕಿದ್ದು ಕೊನೆಯ ಉಪವಾಸದ ದಿನಕ್ಕೆ. ನಾಳೆ ಪೆರ್ನಾಳ್ ಹಬ್ಬ.

ವಿಮಾನ ಇಲ್ಲಿಯ ಐದೂ ನಲವತ್ತಕ್ಕೆ ಇಳಿಯಬೇಕು. ಸೂರ್ಯ ಮುಳುಗಿ ಉಪವಾಸ ಬಿಡುವ ಮಗ್ರಿಬ್ ಬಾಂಗ್ ಆರೂ ಇಪ್ಪತ್ತೆಂಟಕ್ಕೆ. ನಡುವೆ ಸಿಗುವುದು ನಲವತ್ತೆಂಟು ನಿಮಿಷ. ಉಸ್ಮಾನ್ ಏರ್‌ಪೋರ್ಟಿನ ಹೊರಗಿನ ಬೆಂಚಿನ ಮೇಲೆ ಟವಲ್ ಹಾಸಿ, ಖರ್ಜೂರದ ಡಬ್ಬಿ, ನೀರು, ಸಮೋಸ ಜೋಡಿಸಿಟ್ಟು, ಬಾಗಿಲಿಗೂ ಬೆಂಚಿಗೂ ಹತ್ತು ಸಲ ಓಡಾಡಿದ.

ಆರೂಕಾಲಿಗೆ ಬೀಫಾತಿಮ ಟ್ರಾಲಿ ತಳ್ಳಿಕೊಂಡು ಬಂದೇಬಿಟ್ಟಳು. ಇನ್ನೂ ಹದಿಮೂರು ನಿಮಿಷವಿತ್ತು! ಲೆಕ್ಕ ಗೆದ್ದ ಖುಷಿಯಲ್ಲಿ ಅವನಿಗೆ ಸಲಾಂ ಹೇಳುವುದೂ ಮರೆತುಹೋಯಿತು.

"ಬೇಗ ಬಾ ಮಾರಾಯ್ತಿ, ಟೈಮಿಗೆ ಸರಿಯಾಗಿ ಬಂದಿದ್ದೀ."

ಅವಳು ನಿಂತಲ್ಲೇ ನಿಂತಳು. ಎದುರಿನ ಕಟ್ಟಡಗಳ ನಡುವೆ ಸೂರ್ಯ ಇನ್ನೂ ಕಾಣುತ್ತಿದ್ದ.

"ಇದೆಂತ, ಇಲ್ಲಿ ಇನ್ನೂ ಬಿಸಿಲು ಉಂಟಲ್ಲ?"

"ಮತ್ತೆ? ಬಾಂಗ್ ಆಗ್ಲಿಕ್ಕೆ ಇನ್ನೂ ಸಮಯ ಉಂಟು."

"ನಾನು ವಿಮಾನದಲ್ಲೇ ತೊರೆದೆನಲ್ಲ." ಅವಳ ಮುಖ ಬಿಳುಚಿಕೊಂಡಿತು. "ಊರಲ್ಲಿ ಬೆಳಗಿನ ಜಾವ ಸಹರಿ ಉಂಡದ್ದು, ಊರಿನ ಗಂಟೆಗೇ ಬಿಡ್ಬೇಕು ಅಂತ ಗ್ರಹಿಸಿದೆ. ವಾಚಿನಲ್ಲಿ ಊರಿನ ಆರೂ ಮೂವತ್ತೇಳು ಆಗಿತ್ತು. ಕಿಟಕಿಯ ಹತ್ತಿರದವರು ಅದನ್ನು ಮುಚ್ಚಿ ಮಲಗಿದ್ರು, ಹೊರಗಿನ ಬಿಸಿಲು ಕಾಣ್ಲಿಲ್ಲ. ನೀವೊಂದು ಮಾತು ಹೇಳ್ಲಿಲ್ಲ."

ಹೌದು, ಹೇಳಿರಲಿಲ್ಲ. ದೂರ ಹೇಳಿದ್ದ, ಸಮಯ ಹೇಳಿದ್ದ, ಬ್ಯಾಗು ಎಷ್ಟು ಕಿಲೋ ಇರಬೇಕೆಂದೂ ಹೇಳಿದ್ದ. ಇಲ್ಲಿಯ ಗಡಿಯಾರ ಊರಿಗಿಂತ ಒಂದೂವರೆ ಗಂಟೆ ಹಿಂದೆ, ಪಡುವಣಕ್ಕೆ ಹಾರುವವರು ವಾಚು ನೋಡದೆ ಸೂರ್ಯ ಮುಳುಗುವವರೆಗೆ ಕಾಯಬೇಕೆಂಬುದು ಅವಳಿಗೂ ಗೊತ್ತಿರುತ್ತದೆ ಎಂದು ತಿಳಿದಿದ್ದ. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

ಇಬ್ಬರೂ ಬೆಂಚಿನ ಮೇಲೆ ಕೂತರು. ಬಾಂಗ್ ಕೇಳಿತು. ಅವನು ಡಬ್ಬಿ ಮುಂದೆ ಹಿಡಿದರೆ ಅವಳು ತಲೆಯಾಡಿಸಿದಳು.

"ನೀವು ತೊರೆಯಿರಿ. ನನ್ನದು ಹೋಯ್ತಲ್ಲ."

ಉಸ್ಮಾನ್ ಬಿಸ್ಮಿ ಹೇಳಿ ಒಂದು ಖರ್ಜೂರ ಬಾಯಿಗಿಟ್ಟ. ಪ್ರತಿ ವರ್ಷದಂತೆ ಈ ವರ್ಷವೂ ಒಬ್ಬನೇ ತೊರೆದ ಹಾಗಾಯಿತು. ನೀರು ಕುಡಿದು ಅವಳ ಕಡೆ ತಿರುಗಿದ.

"ಇದೊಂದು ಉಪವಾಸ ನೀನು ಮತ್ತೆ ಹಿಡೀಬೇಕಲ್ಲ?"

"ಹಿಡೀಲೇಬೇಕು. ಪೆರ್ನಾಳ್ ಕಳೀಲಿ."

"ಗೋದಾಮಿಗೂ ಆಗ ಕೆಲಸ ಕಡಿಮೆ. ಒಂದು ದಿನ ರಜೆ ಹಾಕ್ತೇನೆ. ಆವತ್ತು ಸಹರಿಗೆ ನನ್ನನ್ನೂ ಎಬ್ಬಿಸು."

"ನಿಮಗೆಂತಕ್ಕೆ? ನಿಮ್ಮದೆಲ್ಲ ಪೂರ್ತಿ ಆಗಿದೆಯಲ್ಲ?"

"ಎಲ್ಲಿ ಪೂರ್ತಿ?" ಎಂದ ಉಸ್ಮಾನ್. "ಇಪ್ಪತ್ತಾರು ವರ್ಷದ್ದು ಬಾಕಿ ಉಂಟು."

ಬೀಫಾತಿಮ ಕಣ್ಣೊರೆಸಿಕೊಂಡು ಕೈ ಚಾಚಿ ಡಬ್ಬಿಯಿಂದ ಒಂದು ಖರ್ಜೂರ ತೆಗೆದುಕೊಂಡಳು.