ಉಡಿ ತುಂಬಿಸಿಕೊಂಡವಳು

ಕೂಸು ಬಾಯಿ ತೆರೆದು ಎದೆ ಹುಡುಕುತ್ತಿತ್ತು. ಭಾಗ್ಯಜ್ಯೋತಿ ಕೊಡಲಿಲ್ಲ. "ತಡಿಯವ್ವಾ, ಇನ್ನೊಂದೀಟು," ಎಂದು ಮಗಳ ಬೆನ್ನು ತಟ್ಟಿದಳು. ಎದೆ ಬಿಗಿದು ಕಲ್ಲಾಗಿತ್ತು. ಮನೆಯಿಂದ ಹೊರಡುವಾಗಲೂ ಕುಡಿಸಿರಲಿಲ್ಲ. ಹೆತ್ತವಳಿಗೆ ಕರುಳು ಚುರ್ ಅನ್ನದೆ ಇರುತ್ತದೆಯೇ? ಅಂದಿತ್ತು. ಆದರೆ ಇವತ್ತು ಕೂಸು ಅಳಬೇಕಿತ್ತು, ಅದೂ ದೌಲತರಾಯನ ಭಾಷಣದ ನಡುವೆಯೇ.

ದೌಲತರಾಯನೆಂದರೆ ಕರಜಗಿಯ ಬಟ್ಟೆ ಅಂಗಡಿಯ ಸಾವಕಾರ. ಬೇಸಿಗೆಯಲ್ಲಿ ನಾದಿನಿಯ ಲಗ್ನದ ಜವಳಿಗೆಂದು ಮನೆಮಂದಿಯೆಲ್ಲ ಅವನ ಅಂಗಡಿಗೆ ಹೋಗಿದ್ದರು. ಕೂಸು ಅತ್ತಿತು. ಭಾಗ್ಯಜ್ಯೋತಿ ಗೋಡೆಗೆ ಮುಖ ಮಾಡಿ, ಸೆರಗು ಹೊದ್ದು ಹಾಲು ಕೊಡುತ್ತ ಕೂತಳು. ಅಷ್ಟಕ್ಕೇ ಆ ಮನುಷ್ಯ ಗಾದಿಯಿಂದ ಇಳಿದು ಬಂದ.

"ಏ, ಏಳ ಬೇ! ಇದು ಅಂಗಡಿ ಅದನೋ, ನಿಮ್ಮ ಮನಿ ಪಡಸಾಲಿ ಅದನೋ? ನಾಚಿಕಿ ಅನ್ನೋದು ಅದ ಇಲ್ಲ ನಿನಗ? ಎದ್ದ ಹೊರಗ ನಡಿ!"

ತುಂಬಿದ ಅಂಗಡಿ. ಕೂಸಿನ ಬಾಯಿಂದ ಎದೆ ಬಿಡಿಸಿಕೊಂಡು ಎದ್ದಳು. ಅಂಗಡಿಯ ಹಿಂದೆ, ಗಂಡಸರು ಉಚ್ಚೆ ಹೊಯ್ಯುವ ಗೋಡೆಯ ಪಕ್ಕ ನಿಂತು ಕುಡಿಸಿದಳು. ಒಳಗೆ ಅತ್ತೆ ಸುಭದ್ರಾಬಾಯಿ ಅವನಿಗೇ ಕೈಮುಗಿಯುತ್ತಿದ್ದಳು: "ತಪ್ಪಾಯ್ತ್ರಿ ಸಾವಕಾರ್ರ, ಹುಡುಗಿಗಿ ತಿಳಿಯಂಗಿಲ್ಲ." ಅಂದಿನಿಂದ ಭಾಗ್ಯಜ್ಯೋತಿಯ ಹೊಟ್ಟೆಯೊಳಗೆ ಬೆಂಕಿ. ಅವನ ಮರ್ಯಾದೆಯೂ ಹೀಗೇ ಹತ್ತು ಜನರ ಮುಂದೆ ಹೋಗಬೇಕು, ಅಷ್ಟೇ.

ಈಗ ಅಂಗನವಾಡಿಯಲ್ಲಿ ತಾಯಿ ಹಾಲಿನ ಸಪ್ತಾಹ. ಬಾಣಂತಿಯರಿಗೆ ಉಡಿ ತುಂಬುವ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿ ಯಾರಂತೀರಿ? ಇದೇ ದೌಲತರಾಯ! ಕುಪ್ಪಸದ ಖಣಗಳನ್ನು ಪುಕ್ಕಟೆ ಕೊಟ್ಟಿದ್ದನಲ್ಲ.

ಬಾಣಂತಿಯರನ್ನು ವೇದಿಕೆಯ ಮೇಲೆ ಸಾಲಾಗಿ ಕೂರಿಸಿದರು. ಭಾಗ್ಯಜ್ಯೋತಿ ಮೈಕಿನ ಪಕ್ಕದ ಕುರ್ಚಿಯನ್ನೇ ಹಿಡಿದಳು. ಅಂಗನವಾಡಿಯ ಉಮಾಬಾಯಿ ಟೀಚರು ಎಲ್ಲರ ಸೆರಗಿಗೆ ಅಕ್ಕಿ, ಕಾಯಿ, ಖಣ ಹಾಕಿದರು. ಆರತಿ ಮಾತ್ರ ಭಾಷಣ ಮುಗಿದ ಮೇಲೆ, ಫೋಟೊಕ್ಕೆ ತಾನೂ ನಿಲ್ಲಬೇಕು ಎಂದಿದ್ದ ದೌಲತರಾಯ.

"ತಾಯಿ ಹಾಲಂದ್ರ ಅಮೃತರಿ," ಎಂದು ಅವನು ಶುರು ಮಾಡಿದ. "ಅದು ಕೂಸಿನ ಹಕ್ಕು. ಅದನ್ನ ಯಾರೂ ಕಸಗೋಬಾರದು..."

ಕೂಸು ಕಿಟಾರನೆ ಕಿರುಚಿತು. ಭಾಗ್ಯಜ್ಯೋತಿ ಗುಂಡಿ ಬಿಚ್ಚಿ ಎದೆ ಕೊಟ್ಟಳು. ಮುಚ್ಚಿಕೊಳ್ಳಲು ಸೆರಗಾದರೂ ಎಲ್ಲಿತ್ತು? ಅದರ ತುಂಬ ಅಕ್ಕಿ, ಕಾಯಿ. ದೌಲತರಾಯ ತಿರುಗಿ ನೋಡಿದ. ಮುಖ ಕೆಂಪಾಯಿತು, ಕೈಯಲ್ಲಿದ್ದ ಮೈಕು ಮರೆತೇ ಹೋಯಿತು.

"ಏ, ಇಲ್ಲೆ ಯಾಕ ಬೇ? ಎದ್ದ ಹೊರಗ ನಡಿ!"

ಲೌಡ್‌ಸ್ಪೀಕರು ಆ ಮಾತನ್ನು ಓಣಿಗೆಲ್ಲ ಹಂಚಿತು. ಹೆಂಗಸರ ನಡುವಿನಿಂದ ಯಾರೋ ಕಿಸಕ್ಕನೆ ನಕ್ಕರು.

"ಕೂಸಿನ ಹಕ್ಕಂತ ಈಗೇ ಅಂದ್ರಲ್ರಿ ಸಾವಕಾರ್ರ," ಎಂದಳು ಭಾಗ್ಯಜ್ಯೋತಿ, ಎಲ್ಲರಿಗೂ ಕೇಳುವಂತೆ. "ಅವತ್ತ ಅಂಗಡ್ಯಾಗಿಂದ ಎಬ್ಬಸಿದ್ರಿ. ನನ್ನ ಮಗಳು ಉಚ್ಚಿ ವಾಸನ್ಯಾಗ ಹಾಲ ಕುಡದ್ಲು. ಇವತ್ತ ಎಬ್ಬಸ್ರಿ ನೋಡೂಣು! ಉಡಿ ತುಂಬ್ಯದ, ಆರತಿ ಆಗಿಲ್ಲ."

ಉಡಿ ತುಂಬಿಸಿಕೊಂಡವಳು ಆರತಿಯಾಗುವ ತನಕ ಏಳುವಂತಿಲ್ಲ. ಎಬ್ಬಿಸಿದವನ ಮನೆಗೆ ಕೇಡು. ಅದು ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ದೌಲತರಾಯ ಮುಂದಿನ ಸಾಲಿನಲ್ಲಿ ಕೂತಿದ್ದ ಅವಳ ಅತ್ತೆಯತ್ತ ನೋಡಿದ.

"ಸುಭದ್ರಾಬಾಯಿ, ನಿಮ್ಮ ಸೊಸಿಗಿ ನೀವರೆ ಹೇಳ್ರಿ."

ಸುಭದ್ರಾಬಾಯಿ ಎದ್ದು ನಿಂತಳು. ಮತ್ತೆ ಕೈಮುಗಿಯುತ್ತಾಳೆ ಎಂದುಕೊಂಡ ಭಾಗ್ಯಜ್ಯೋತಿ ಹಲ್ಲು ಕಚ್ಚಿದಳು.

"ಉಡಿ ತುಂಬಿದಾಕಿನ್ನ ನಡಬರಕ ಎಬ್ಬಸ್ತಾರೇನ್ರಿ?" ಎಂದಳು ಮುದುಕಿ. "ನೋಡ್ಲಿಕ್ಕಿ ಆಗವಲ್ದಂದ್ರ ನೀವೇ ಹೊರಗ ನಿಂದರ್ರಿ."

ದೌಲತರಾಯ ಮೈಕು ಇಟ್ಟು ಮೆಟ್ಟಿಲಿಳಿದ. ಗಂಡಸರೂ ಅವನ ಮುಖ ನೋಡಲಿಲ್ಲ. ಪೆಂಡಾಲಿನಾಚೆ ಬಿಸಿಲಲ್ಲಿ ಹೋಗಿ ನಿಂತ.

ಉಮಾಬಾಯಿ ಗಡಬಡಿಸಿ ಆರತಿ ಹಚ್ಚಿಕೊಂಡು ಬಂದರು.

"ಗಡಿಬಿಡಿ ಏನದರಿ ಟೀಚರ," ಎಂದು ಭಾಗ್ಯಜ್ಯೋತಿ ಕೂಸನ್ನು ನಿಧಾನವಾಗಿ ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು.