ಹಸಿರುಬಳೆಯ ವ್ಯಾಸಪೀಠ

ನಾನು ಒಂದು ವ್ಯಾಸಪೀಠ. ಪುಸ್ತಕ ತೆರೆದಿಟ್ಟು ಓದಲು ಮಾಡಿದ ಮಡಚುವ ಮಣೆ. ಗದಗಿನ ಬಡಿಗ ಮೌನೇಶಪ್ಪ ಒಂದೇ ಸಾಗವಾನಿ ಹಲಗೆಯನ್ನು ಸೀಳಿ, ಮೊಳೆ ಹೊಡೆಯದೆ, ಎರಡು ತೋಳು ಒಂದರೊಳಗೊಂದು ಹೆಣೆದುಕೊಳ್ಳುವಂತೆ ನನ್ನನ್ನು ಕಡೆದ. ನನಗೆ ಬಾಯಿಲ್ಲ. ಕೇಳುವುದಷ್ಟೇ ನನ್ನ ಪಾಲಿನ ಪೂಜೆ.

ಮೊದಲು ಪುರಾಣದ ಗದಿಗೆಯ್ಯನವರ ಕೈಗೆ ಬಂದೆ. ಶ್ರಾವಣ ಪೂರ್ತಿ ಅವರು ಮಠದ ಅಂಗಳದಲ್ಲಿ ಷಟ್ಪದಿ ಹಾಡಿ ಅರ್ಥ ಹೇಳುತ್ತಿದ್ದರು. ದನಿ ಏರಿದಾಗ ಅದರ ನಡುಕ ನನ್ನ ಮರದೊಳಗೂ ಇಳಿಯುತ್ತಿತ್ತು. ಅಯ್ಯನವರ ನಂತರ ಆ ಮನೆಯಲ್ಲಿ ಓದುವವರು ಉಳಿಯಲಿಲ್ಲ. ನಾನು ಎದುರಿನ ಕಟಿಂಗ್ ಅಂಗಡಿ ಸೇರಿ ಬಹಳ ವರ್ಷ ಕನ್ನಡಿ ಹೊತ್ತೆ. ಅಲ್ಲಿಯೂ ಕೇಳಲು ಬೇಕಾದಷ್ಟು ಸುದ್ದಿಯಿತ್ತು, ಛಂದಸ್ಸು ಮಾತ್ರ ಇರಲಿಲ್ಲ.

ಅಲ್ಲಿಂದ ನನ್ನನ್ನು ಎತ್ತಿಕೊಂಡು ಬಂದವಳು ಸುಗಂಧಾ.

"ಇದರ ಮ್ಯಾಲ ಪುಸ್ತಕ ಇಡಬೇಕೋ ಅಣ್ಣಾ, ನೀ ಕನ್ನಡಿ ಇಟ್ಟೀಯಲ್ಲ!"

"ಒಯ್ಯವಾ ತಂಗಿ. ಕನ್ನಡಿ ಮಾತ್ರ ಬಿಟ್ಟು ಹೋಗು," ಎಂದು ಅಂಗಡಿಯವನು ನಕ್ಕ. ತಂಗಿ ಎಂಬ ಮಾತಿಗೆ ಅವಳ ಕೈ ನನ್ನನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು.

ಗಂಡೆಂದು ಬೆಳೆಸಿದ ಮನೆಯಿಂದ ಹೊರಬಿದ್ದು ಹೆಣ್ಣಾಗಿ ಬಾಳುತ್ತಿದ್ದವಳು ಅವಳು. ತನ್ನಂಥ ಲಿಂಗತ್ವ ಅಲ್ಪಸಂಖ್ಯಾತರು ಓದಲೆಂದೇ 'ಹಸಿರುಬಳೆ' ಎಂಬ ಪ್ರಕಾಶನ ಕಟ್ಟಲು ಹೊರಟಿದ್ದಳು. ಒಂದು ಕೋಣೆ, ಒಂದು ಹಳೇ ಕಂಪ್ಯೂಟರ್, ಅಕ್ಷರ ಜೋಡಿಸಲು ಗೆಳೆಯ ಪವನ. ಮೊದಲ ಪುಸ್ತಕ ಸುಗಂಧಾಳದೇ ಕಾದಂಬರಿ. ಅದಕ್ಕೊಂದು ಷರತ್ತನ್ನೂ ಅವಳೇ ಹಾಕಿಕೊಂಡಿದ್ದಳು: ತನ್ನನ್ನು ಮಗಳೆಂದು ಸಾಕಿದ ಹಿರಿಯ ಜೋಗತಿ ಹೊನ್ನೂರಮ್ಮ ಪೂರ್ತಿ ಕೇಳಿ ಒಪ್ಪಬೇಕು, ಒಪ್ಪದಿದ್ದರೆ ಅಚ್ಚಿಲ್ಲ. ಹೊನ್ನೂರಮ್ಮನಿಗೆ ಓದು ಬಾರದು. ದೇವಿಯ ಪದಗಳು ಮಾತ್ರ ಎಷ್ಟು ಹಾಡಿದರೂ ಮುಗಿಯದಷ್ಟು ನಾಲಿಗೆಯ ಮೇಲಿದ್ದವು.

ಓದು ಶುರುವಾಯಿತು. ಚಾಪೆ ತುಂಬ ಅವರದೇ ಮಂದಿ. ಕಾದಂಬರಿಯ ನಾಯಕಿ ಚಂಪಾ ಅವರಂಥವಳೇ, ಮದುವೆಮನೆಗಳಲ್ಲಿ ಅಡುಗೆ ಮಾಡುವವಳು. ಅಣಕಿಸಿದ ಬೀಗರ ಬಾಯಿಯನ್ನು ಅವಳು ಸೌಟು ಬೀಸಿ ಮುಚ್ಚಿಸುವಾಗ ಚಪ್ಪಾಳೆಯೋ ಚಪ್ಪಾಳೆ. "ಹಾಕು, ಇನ್ನೊಂದು ಸೌಟು ಹಾಕು!" ಎಂದು ಹೊನ್ನೂರಮ್ಮ ಕೂಗಿದಳು. ಕಡೆಯ ಅಧ್ಯಾಯದಲ್ಲಿ ಚಂಪಾ ಜ್ವರ ಬಂದು ಒಬ್ಬಳೇ ಸತ್ತಳು.

ಚಪ್ಪಾಳೆ ನಿಂತಿತು.

"ಸತ್ತಳೇನು?"

"ಹೂಂ ಅವ್ವಾ. ಓದಿದವರ ಕಣ್ಣಾಗ ನೀರು ಬರಬೇಕಲ್ಲ."

"ಯಾರ ಕಣ್ಣಾಗ? ನಮ್ಮ ಕಣ್ಣಾಗ ನೀರು ಕಡಿಮಿ ಬಿದ್ದಾವೇನು? ಸಿನಿಮಾದವರು ನಮ್ಮನ್ನ ಕೊಲ್ತಾರ, ನಾಟಕದವರು ಕೊಲ್ತಾರ. ನನ್ನ ಮಗಳಾಗಿ ನೀನೂ ಕೊಂದೇನ?" ಹೊನ್ನೂರಮ್ಮ ಸೆರಗು ಕೊಡವಿದಳು. "ಮಠದ ಗ್ವಾಡಿ ಹೊರಗ ನಿಂತು ಪುರಾಣ ಕೇಳೀನಿ ನಾನು. ಸಾವು ಬಂತಂದ್ರ ಅಯ್ಯನವರು ಅಲ್ಲಿಗೇ ನಿಲ್ಲಸ್ತಿರಲಿಲ್ಲ. ಹೊತ್ತಾದರೂ ಮುಂದ ಓದಿ, ಒಂದು ಲಗ್ನನೋ ತೊಟ್ಟಿಲೋ ಬಂದ ಮ್ಯಾಲೇ ಮಂಗಳಾರತಿ. ಕೇಳಿದವರು ಮನಿಗೆ ಹೋಗಿ ಮಲಗಬೇಕಲ್ಲ!"

ಅದು ನಿಜ. ನನ್ನ ಮೇಲಿನ ಪುರಾಣವನ್ನು ಯಾರೂ ಸಾವಿನ ಪದ್ಯದಲ್ಲಿ ಮುಚ್ಚಿದ್ದಿಲ್ಲ. ಗೋಡೆಯಾಚೆಯೂ ಕೇಳುವವರಿದ್ದರೆಂದು ಮಾತ್ರ ನನಗೆ ಗೊತ್ತಿರಲಿಲ್ಲ.

ಎಲ್ಲರೂ ಎದ್ದು ಹೋದ ಮೇಲೆ ಪವನ, "ಅಚ್ಚು?" ಎಂದ. "ಇಲ್ಲ," ಎಂದಳು ಸುಗಂಧಾ, ಹಾಳೆಗಳನ್ನು ಬಳಿದುಕೊಳ್ಳುತ್ತ.

ಚಂಪಾಳನ್ನು ಬದುಕಿಸುವುದು ಸುಲಭವಾಗಲಿಲ್ಲ. ಕೊಲ್ಲಲು ಒಂದು ಪುಟ ಸಾಕಾಗಿತ್ತು. ಬದುಕಿಸಲು ಅಧ್ಯಾಯಗಳೇ ಬೇಕಾದವು. ಸುಗಂಧಾ ಬರೆದಳು, ಹರಿದಳು, ನನ್ನ ಮೇಲೆ ತಲೆಯಿಟ್ಟು ನಿದ್ದೆಹೋದಳು, ಮತ್ತೆ ಬರೆದಳು.

ಮತ್ತೆ ಚಾಪೆ ಹಾಸಿದರು. ಈ ಸಲ ಜ್ವರ ಬಿಟ್ಟೆದ್ದ ಚಂಪಾ ಸ್ವಂತ ಖಾನಾವಳಿ ತೆರೆದಳು. ಅಣಕಿಸಿದ್ದ ಅದೇ ಬೀಗರು ಹಸಿದು ಬಂದು ಬಾಗಿಲಲ್ಲಿ ನಿಂತರು. "ರೊಟ್ಟಿ ಆಗ್ಯಾವ. ಪಲ್ಯ ತಡಾ ಐತಿ. ಕೂಡ್ರಿ," ಎಂದಳು ಚಂಪಾ. ಅಲ್ಲಿಗೆ ಕಾದಂಬರಿ ಮುಗಿಯಿತು.

ಹೊನ್ನೂರಮ್ಮ ಮುಂದಕ್ಕೆ ಬಾಗಿದಳು.

"ಯಾವ ಪಲ್ಯ?"

"ಪುಂಡಿಪಲ್ಯ, ಅವ್ವಾ."

"ಹಂಗಂತ ಬರಿ. ಬರದು ಅಚ್ಚಿಗೆ ಹಾಕು."

ಚಪ್ಪಾಳೆಗೆ ಕಿಟಕಿ ಅದುರಿತು.

ಈಗ ನನಗೆ ಮುಪ್ಪು. ಒಂದು ತೋಳು ಸೀಳಿದೆ, ಪವನ ಅದಕ್ಕೆ ದಾರ ಸುತ್ತಿದ್ದಾನೆ. ಬಾಗಿಲ ಬದಿಯ ಮೂಲೆಯಲ್ಲಿ ಹಸಿರುಬಳೆಯ ಹೊಸ ಪುಸ್ತಕ ಹೊತ್ತು ಕೂತಿರುತ್ತೇನೆ. ಬರುವವರು ಅದನ್ನು ಹಿಂದಿನಿಂದ ತೆರೆಯುತ್ತಾರೆ. ಮೊದಮೊದಲು ನನಗಿದು ಅಪಚಾರವೆನ್ನಿಸಿತ್ತು. ಮೊನ್ನೆ ಹಾಗೆ ತೆರೆದ ಒಬ್ಬಳನ್ನು ಸುಗಂಧಾ ಛೇಡಿಸಿದಳು:

"ಕಡೀ ಪುಟ ಮೊದಲು ಓದಿದ್ರ ಕಥಿ ಸ್ವಾರಸ್ಯ ಹೋಗಂಗಿಲ್ಲೇನ?"

"ಅಕಿ ಕಡೀತನಕ ಇರ್ತಾಳೋ ಇಲ್ಲೋ ನೋಡಿದೆ, ಅಕ್ಕಾ."

"ಮತ್ತ?"

"ಇದ್ದಾಳ."

ಅವಳು ಚಾಪೆಯ ಮೇಲೆ ಕೂತು, ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು, ಮೊದಲ ಪುಟ ತೆರೆದಳು.